ಹುಲಿಗೆಮ್ಮನ ಮರಿಮಗಳು

ಮೊನ್ನೆ ಡಾಲಸ್ ಪಕ್ಕದ ಕ್ಯಾರಲ್ಟನ್ನಿನ ಇಂಡಿಯನ್ ಅಂಗಡಿಯಲ್ಲಿ ಬೆಂಡೆಕಾಯಿ ಆರಿಸುತ್ತಿದ್ದೆ. ಹಿಂದಿನ ಚಾಟ್ ಕೌಂಟರಿನಲ್ಲಿ ಯಾರೋ ಓಮ ಬೆರೆಸಿದ ಕಡಲೆಹಿಟ್ಟಿನಲ್ಲಿ ಹಸಿಮೆಣಸಿನಕಾಯಿ ಅದ್ದಿ ಕರಿಯುತ್ತಿದ್ದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಕೈ ಅಲ್ಲೇ ನಿಂತಿತು. ಬಳ್ಳಾರಿ ಆಂಟಿಯ ಅಡುಗೆಮನೆಯ ಘಾಟು ಅದು... ಅವರು ನೆನಪಾದರೆ ಬೇರೆಯವರಿಗೆ ಕಣ್ಣು ತುಂಬಬಹುದು. ನನಗೆ ಮೈ ಉರಿಯುತ್ತದೆ.

ನಾವು ಈ ಊರಿಗೆ ಹೊಸದಾಗಿ ಶಿಫ್ಟ್ ಆದಾಗ ಅವರು ನಮ್ಮ ಪಕ್ಕದ ಅಪಾರ್ಟ್‌ಮೆಂಟಿನಲ್ಲಿದ್ದರು. ಹೂವಿನ ಚಿತ್ರದ ಫ್ರಾಕು, ಕತ್ತರಿಸಿದ ಬಿಳಿ ಕೂದಲು, ಬೂದು ಬಣ್ಣದ ಕಣ್ಣು. ಯಾರೋ ಬಿಳಿಯ ಮುದುಕಿ ಎಂದುಕೊಂಡಿದ್ದೆ. ಒಂದು ದಿನ ನಾನು ಮೆಟ್ಟಿಲ ಮೇಲೆ ನಿಂತು ಮೈಸೂರಿಗೆ ಫೋನ್ ಮಾಡಿ ಅಮ್ಮನ ಜೊತೆ ಜಗಳವಾಡುತ್ತಿದ್ದೆ. ಫೋನ್ ಇಟ್ಟ ಮೇಲೆ ಹಿಂದಿನಿಂದ ಒಂದು ದನಿ.

"ತಾಯಿ ಜೋಡಿ ಹಂಗ ಒದರಬಾರದವ್ವಾ. ಬಾ ಒಳಗ, ಮಿರ್ಚಿ ಮಾಡೇನಿ."

ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಹುಟ್ಟಿ ಬೆಳೆದ ಆಂಗ್ಲೋ ಇಂಡಿಯನ್ ಅವರು. ನರ್ಸ್ ಆಗಿ ಹ್ಯೂಸ್ಟನ್ನಿಗೆ ಬಂದು, ಅಲ್ಲಿಯೇ ದುಡಿದು, ನಿವೃತ್ತರಾದ ಮೇಲೆ ಕ್ಯಾರಲ್ಟನ್ನಿಗೆ ಬಂದಿದ್ದರು. ಮದುವೆಯಾಗಿರಲಿಲ್ಲ. ಒಡಹುಟ್ಟಿದವರೆಲ್ಲ ತೀರಿಕೊಂಡಿದ್ದರು. ಕಣ್ಣಿನ ಆಪರೇಷನ್ ಆದ ಮೇಲೆ ಡ್ರೈವ್ ಮಾಡುವುದನ್ನೂ ಬಿಟ್ಟಿದ್ದರು. ಹೀಗಾಗಿ ಚರ್ಚಿಗೆ, ಅಂಗಡಿಗೆ ನಾನೇ ಕರೆದುಕೊಂಡು ಹೋಗುತ್ತಿದ್ದೆ.

ಒಮ್ಮೆ ಇಲ್ಲಿನ ಕನ್ನಡದವರ ಯುಗಾದಿ ಕಾರ್ಯಕ್ರಮಕ್ಕೂ ಕರೆದೊಯ್ದೆ. ಪಕ್ಕದೂರು ಕಾಪೆಲ್‌ನಿಂದ ಬಂದಿದ್ದ, ರೇಷ್ಮೆ ಸೀರೆಯುಟ್ಟ ಒಬ್ಬಾಕೆ ಕಣ್ಣರಳಿಸಿ, "ಅಯ್ಯೋ ಆಂಟಿ, ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರ! ಎಲ್ಲಿ ಕಲಿತ್ರಿ?" ಎಂದರು.

"ಎದಿಹಾಲಿನ ಜೋಡಿ ಕಲತೇನ್ರಿ. ನೀವೆಲ್ಲಿ ಕಲತ್ರಿ?" ಎಂದರು ಆಂಟಿ.

ಆಕೆಯ ನಗು ಅಲ್ಲಿಗೇ ಒಣಗಿತು. ನನಗೆ ಖುಷಿಯಾಯಿತು.

ಆಂಟಿಯ ಮುತ್ತಜ್ಜ ಒಬ್ಬ ಇಂಗ್ಲಿಷ್ ಸಾಲಿಸಿಟರ್. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಮದ್ರಾಸಿಗೆ ಬಂದು, ಅಲ್ಲಿಂದ ಬಳ್ಳಾರಿಗೆ ಬಂದವನು. ಜನರ ಆಸ್ತಿಪತ್ರ, ಉಯಿಲು, ಕರಾರು ಬರೆಯುವುದು ಅವನ ಕಸುಬು. ಬಳ್ಳಾರಿಯಲ್ಲಿ ಅವನೊಡನೆ ಸಂಸಾರ ಮಾಡಿದವಳು ಹುಲಿಗೆಮ್ಮ. ಇಬ್ಬರು ಹೆಣ್ಣುಮಕ್ಕಳಾದ ಮೇಲೆ ಸಾಲಿಸಿಟರ್ ಹಡಗು ಹತ್ತಿ ಇಂಗ್ಲೆಂಡಿಗೆ ವಾಪಸಾದ. ಅಲ್ಲಿ ಲಗ್ನವಾದ. ಹುಲಿಗೆಮ್ಮ ಕಂಟೋನ್ಮೆಂಟಿನ ದೊರೆಗಳ ಬಟ್ಟೆ ಒಗೆದು ಮಕ್ಕಳನ್ನು ಸಾಕಿದಳು. ಅವಳ ದೊಡ್ಡ ಮಗಳೇ ಆಂಟಿಯ ಅಜ್ಜಿ. ಆ ಅಜ್ಜಿ ಮೊಮ್ಮಗಳ ತಲೆ ಬಾಚುವಾಗಲೆಲ್ಲ ತನ್ನ ಅವ್ವನ ಹೆಸರು ಹೇಳುತ್ತಿದ್ದಳಂತೆ. "ಮರೀಬ್ಯಾಡ, ನಿನ್ನ ಮಕ್ಕಳಿಗೂ ಹೇಳು" ಎನ್ನುತ್ತಿದ್ದಳಂತೆ. ಆಂಟಿಗೆ ಮಕ್ಕಳಾಗಲಿಲ್ಲ. ಅದಕ್ಕೇ ನನಗೆ ಹೇಳಿದರೋ ಏನೋ...

ನಾನು ಇದನ್ನು ಗೆಳತಿಯರ ಗುಂಪಿನಲ್ಲಿ ಹೇಳಿದಾಗ ಒಬ್ಬಳು ದನಿ ತಗ್ಗಿಸಿ, "ಹುಲಿಗೆಮ್ಮ ಅಂದ್ರೆ... ಯಾವ ಜನ?" ಎಂದು ಕೇಳಿದಳು. ಏಳು ಸಮುದ್ರ ದಾಟಿ ಬಂದು ಕೇಳುವ ಪ್ರಶ್ನೆ ಇದು! ನಾನು ಆ ಗುಂಪಿಗೆ ಮತ್ತೆ ಹೋಗಲಿಲ್ಲ.

ಆಂಟಿಯ ಜೊತೆ ಕೆಲಸ ಮಾಡಿದ್ದ ನರ್ಸುಗಳು ಒಂದು ಹುಟ್ಟುಹಬ್ಬಕ್ಕೆ ಡಿಎನ್ಎ ಪರೀಕ್ಷೆಯ ಕಿಟ್ ಕೊಟ್ಟಿದ್ದರು. ಎಂಜಲು ತುಂಬಿಸಿ ಕಳಿಸಿದರೆ, ನಿಮ್ಮ ರಕ್ತಸಂಬಂಧಿಗಳು ಎಲ್ಲೆಲ್ಲಿದ್ದಾರೆ ಎಂದು ಹೇಳುತ್ತಾರೆ. ಸಾಲಿಸಿಟರನ ಇಂಗ್ಲಿಷ್ ಹೆಂಡತಿಯ ಕಡೆಯ ಮರಿಮಗನೊಬ್ಬ ಸಿಕ್ಕಿದ. ಅವನಿದ್ದದ್ದು ಹ್ಯೂಸ್ಟನ್ನಿನಲ್ಲಿ. ಆಂಟಿ ಅಷ್ಟು ವರ್ಷ ದುಡಿದ ಅದೇ ಊರಿನಲ್ಲಿ!

ಇಬ್ಬರೂ ಹೋದೆವು. ದೊಡ್ಡ ಮನೆ. ಹಾಲಿನಲ್ಲಿ ಸಾಲಿಸಿಟರನ ತೈಲಚಿತ್ರ, ಅವೇ ಬೂದು ಕಣ್ಣುಗಳು. ತೈಲದ ಕಂಪನಿಯಿಂದ ನಿವೃತ್ತನಾದ ಆ ಮನುಷ್ಯ ಆಂಟಿಯನ್ನು ಅಪ್ಪಿಕೊಂಡು "ಕಸಿನ್" ಎಂದು ಕರೆದ. ಆಂಟಿ ಹುಲಿಗೆಮ್ಮನ ಕಥೆ ಹೇಳಿದರು. ಅವನು ಗಲ್ಲಕ್ಕೆ ಕೈಕೊಟ್ಟು ಕೇಳಿದ. ಬೇಸಿಗೆಯಲ್ಲಿ ಆಸ್ಟಿನ್ನಿನಲ್ಲಿ ಇಡೀ ಕುಟುಂಬ ಸೇರುತ್ತದೆ, ವಂಶವೃಕ್ಷದಲ್ಲಿ ನಿಮ್ಮ ಕವಲನ್ನೂ ಸೇರಿಸುತ್ತೇನೆ ಎಂದ. ವಾಪಸು ಬರುವಾಗ ಪಕ್ಕದ ಸ್ಟಾಫರ್ಡ್‌ನ ಸೀರೆ ಅಂಗಡಿಯ ಮುಂದೆ ಗಾಡಿ ನಿಲ್ಲಿಸಲು ಹೇಳಿ, ಆಂಟಿ ತಮಗೊಂದು ಹಸಿರು ಸೀರೆ ಕೊಂಡರು. ಜನ್ಮದಲ್ಲಿ ಸೀರೆ ಉಟ್ಟವರಲ್ಲ.

"ಆಕಿ ಹೆಸರು ಬರೀತಾರಂತ. ಅವತ್ತು ನಾ ಫ್ರಾಕ್ ಹಾಕ್ಕೊಂಡು ನಿಲ್ಲಲೇನು?"

ಆಸ್ಟಿನ್ನಿನಲ್ಲಿ ಕೆರೆಯ ಪಕ್ಕದ ಒಂದು ಹಾಲ್. ನಾನೇ ಸೀರೆ ಉಡಿಸಿದ್ದೆ. ಗೋಡೆಯ ಉದ್ದಕ್ಕೂ ದೊಡ್ಡ ಬಟ್ಟೆಯ ಮೇಲೆ ವಂಶವೃಕ್ಷ ಮುದ್ರಿಸಿ ತೂಗುಹಾಕಿದ್ದರು. ಆಂಟಿ ಕನ್ನಡಕ ಏರಿಸಿ ಹತ್ತಿರ ಹೋದರು. ನಡುವೆ ಸಾಲಿಸಿಟರ್, ಪಕ್ಕದಲ್ಲಿ ಅವನ ಇಂಗ್ಲಿಷ್ ಹೆಂಡತಿ, ಕೆಳಗೆ ಮಕ್ಕಳು ಮರಿಮಕ್ಕಳು. ತೀರ ಅಂಚಿನಲ್ಲಿ ಚುಕ್ಕೆಗಳ ಗೆರೆಯೊಂದು ಸಾಲಿಸಿಟರನಿಂದ ಇಳಿದು ಆಂಟಿಯ ಹೆಸರನ್ನು ಮುಟ್ಟಿತ್ತು. ಹುಲಿಗೆಮ್ಮನ ಹೆಸರಿರಬೇಕಾದ ಕಡೆ ಖಾಲಿ ಚೌಕ.

ಹ್ಯೂಸ್ಟನ್ನಿನವನನ್ನು ಕರೆದು ಆಂಟಿ ಆ ಚೌಕ ತೋರಿಸಿದರು. ಅವನು ಮುಗುಳ್ನಗುತ್ತಲೇ ಹೇಳಿದ. ದಾಖಲೆ ಇಲ್ಲದ ಹೆಸರನ್ನು ಹಾಕುವುದಿಲ್ಲವೆಂದು ಕುಟುಂಬದವರು ನಿಯಮ ಮಾಡಿಕೊಂಡಿದ್ದಾರೆ, ಚರ್ಚಿನ ಕಾಗದವೋ ಸರ್ಕಾರದ ಕಾಗದವೋ ಏನಾದರೂ ಇದೆಯೇ?

"ನಮ್ಮಜ್ಜಿ ಹೇಳ್ಯಾಳ" ಎಂದರು ಆಂಟಿ. ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದವರ ಬಾಯಿಂದ ಅದೊಂದು ಮಾತು ಕನ್ನಡದಲ್ಲಿ ಬಂತು. ಮತ್ತೆ ಇಂಗ್ಲಿಷಿನಲ್ಲಿ ಹೇಳಿದರು. ಅವನು ತಲೆಯಾಡಿಸಿದ. ಬಾಯಿಮಾತು ಸಾಲದು ಎಂದ. ಆಂಟಿ ನನ್ನ ಬ್ಯಾಗಿನಿಂದ ಪೆನ್ನು ತೆಗೆದು, ಖಾಲಿ ಚೌಕದಲ್ಲಿ ಕನ್ನಡದಲ್ಲಿ "ಹು" ಎಂದು ಬರೆದರು. ಅಷ್ಟರಲ್ಲಿ ಅವನು ಅವರ ಮಣಿಕಟ್ಟು ಹಿಡಿದ. ಮೆಲ್ಲಗೇ ಹಿಡಿದ, ನಗುತ್ತಲೇ ಹಿಡಿದ. ನಾನು ಅವನ ಕೈಯನ್ನು ಬಿಡಿಸಿ ಆಚೆ ತಳ್ಳಿದೆ. ಒಬ್ಬಾಕೆ ಬಂದು, ಎಲ್ಲರೂ ಗ್ರೂಪ್ ಫೋಟೊಗೆ ಬನ್ನಿ, ಆ ಹಸಿರು ಸೀರೆ ನಡುವೆ ಇದ್ದರೆ ಎಷ್ಟು ಚೆಂದ ಎಂದಳು!

ಆಂಟಿ ಫೋಟೊಗೆ ನಿಲ್ಲಲಿಲ್ಲ. ಸೀದಾ ಕಾರಿಗೆ ಬಂದು ಕೂತರು. ಡಾಲಸ್ ಕಡೆಯ ಹೆದ್ದಾರಿ ಹಿಡಿದೆವು. ಆಮೇಲೆ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು.

"ಊರ ಮಂದಿಗೆಲ್ಲ ಕಾಗದ ಮಾಡಿಕೊಟ್ಟಾನ. ತನ್ನ ಮಕ್ಕಳ ತಾಯಿಗೆ ಒಂದು ಕಾಗದ ಮಾಡ್ಲಿಲ್ಲ. ಈಗ ಇವ್ರು ಆಕಿ ಕಾಗದ ಎಲ್ಲಿ ಅಂತ ನನ್ನ ಕೇಳ್ತಾರ."

ನಾನು ಸಿಟ್ಟಿನಲ್ಲಿ ಗಾಡಿಯ ವೇಗ ಹೆಚ್ಚಿಸಿದೆ.

ಮುಂದಿನ ಚಳಿಗಾಲ ಅವರ ಹೃದಯ ಕೈಕೊಟ್ಟಿತು. ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು ಒಂದೇ ಮಾತು ಕೇಳಿದರು. ತಮ್ಮ ಗೋರಿಯ ಕಲ್ಲಿನ ಮೇಲೆ "ಹುಲಿಗೆಮ್ಮನ ಮರಿಮಗಳು" ಎಂದು ಕನ್ನಡದಲ್ಲಿ ಬರೆಸಬೇಕು. "ನೀನ ಬರಿ. ನಿನ್ನ ಅಕ್ಷರ ದುಂಡಗ ಅದಾವ." ಬರೆದುಕೊಟ್ಟೆ. ಕನ್ನಡದ ಗಂಧವೇ ಇಲ್ಲದ ಕಲ್ಲುಕುಟಿಗ ಒತ್ತಕ್ಷರವನ್ನೂ ತಪ್ಪಿಲ್ಲದೆ ಕೆತ್ತಿದ.

ಮಣ್ಣು ಮಾಡುವ ದಿನ ಹ್ಯೂಸ್ಟನ್ನಿನವನು ಹೂಗುಚ್ಛ ಹಿಡಿದು ಬಂದ. ಚರ್ಚಿನಲ್ಲಿ ಎದ್ದುನಿಂತು, ಗಣ್ಯ ಸಾಲಿಸಿಟರ್ ಒಬ್ಬರ ಮರಿಮಗಳು ಇಂದು ನಮ್ಮನ್ನಗಲಿದ್ದಾರೆ ಎಂದ. ನಾನೂ ಎದ್ದೆ. ಇವರು ಹುಲಿಗೆಮ್ಮನ ಮರಿಮಗಳು, ಇವರ ಬಾಯಿಮಾತನ್ನು ನೀವು ನಂಬಲಿಲ್ಲ ಎಂದು ಎಲ್ಲರೆದುರು ಅವನಿಗೆ ಹೇಳಿದೆ. ಅವನು ಕೂತುಕೊಂಡ.

ಕಳೆದ ತಿಂಗಳು ಅವನದೇ ಫೋನ್ ಬಂತು. ವಂಶವೃಕ್ಷವನ್ನು ತಿದ್ದುತ್ತಿದ್ದಾನಂತೆ. ಗೋರಿಕಲ್ಲಿನ ಬರಹವನ್ನು ದಾಖಲೆಯೆಂದು ಒಪ್ಪುತ್ತಾರಂತೆ. ಒಂದು ಫೋಟೊ ಕಳಿಸುತ್ತೀರಾ ಎಂದ.

ಕಲ್ಲಿನ ಮೇಲೆ ಇರುವುದು ಆಂಟಿ ಹೇಳಿದ ಅದೇ ಮಾತು. ಆಸ್ಟಿನ್ನಿನಲ್ಲಿ ಅವರು ಹಸಿರು ಸೀರೆಯುಟ್ಟು, ಉಸಿರಾಡುತ್ತ ನಿಂತು ಹೇಳಿದಾಗ ಅದು ಸಾಲಲಿಲ್ಲ. ಸತ್ತು ಮಣ್ಣಾದ ಮೇಲೆ ಸಾಕಾಯಿತು. ಇದನ್ನೆಲ್ಲ ಅವನಿಗೆ ಹೇಳಿದೆ, ಕಿರುಚಿಯೇ ಹೇಳಿದೆ. ಅವನು ಕ್ಷಮೆ ಕೇಳಿದ. ಫೋಟೊ ಕಳಿಸಿದೆ. ನನ್ನ ಸಿಟ್ಟಿಗಾಗಿ ಹುಲಿಗೆಮ್ಮ ಮತ್ತೆ ಖಾಲಿ ಚೌಕವಾಗಿ ಉಳಿಯುವುದು ಬೇಡವಾಗಿತ್ತು.

ನಿನ್ನೆ ಕಂಪ್ಯೂಟರಿನಲ್ಲಿ ವಂಶವೃಕ್ಷ ತೆರೆದು ನೋಡಿದೆ. ಚುಕ್ಕೆಯ ಗೆರೆ ಈಗ ಗಟ್ಟಿ ಗೆರೆಯಾಗಿದೆ. ಸಾಲಿಸಿಟರನ ಪಕ್ಕದಲ್ಲಿ ಹೆಸರಿದೆ. ಲ್ಯಾಪ್‌ಟಾಪ್ ಎತ್ತಿಕೊಂಡು ಬಾಗಿಲವರೆಗೆ ನಡೆದಿದ್ದೆ, ಆಂಟಿಗೆ ತೋರಿಸಲು... ಪಕ್ಕದ ಮನೆಗೆ ಹೊಸಬರು ಬಂದು ಎಷ್ಟೋ ದಿನವಾಯಿತು. ಹೊಸ್ತಿಲಲ್ಲೇ ನಿಂತೆ. ತೋರಿಸಲು ಯಾರೂ ಇರಲಿಲ್ಲ.