ಹಜೀರಾಬಿ ಹತ್ತಬೇಕಾದ ಹಡಗು

ಅಜ್ಜಂಪುರದ ಗಾಡಿ ಬಡಗಿ ಸನಾವುಲ್ಲಾ ಸಮುದ್ರ ಕಂಡವನಲ್ಲ. ಅವನು ಮಾಡಿದ ಗಾಡಿಗಳು ಹಿರೇನಲ್ಲೂರಿನ ಕಲ್ಲುದಾರಿಯಲ್ಲಿ ಇಪ್ಪತ್ತು ವರ್ಷ ಓಡಿದರೂ ಕೀಲು ಸಡಿಲವಾಗುತ್ತಿರಲಿಲ್ಲ. ಅಂಥವನು ೧೯೭೮ರಲ್ಲಿ ಗಾಡಿ ಕೆಲಸ ಬದಿಗಿಟ್ಟು ಹಡಗು ಮಾಡಲು ಕೂತದ್ದಕ್ಕೆ ಕಾರಣ ಅವನ ತಾಯಿ ಹಜೀರಾಬಿ.

ಹತ್ತು ವರ್ಷ ಕಾದ ಮೇಲೆ ತಾಯಿ ಮಗ ಇಬ್ಬರ ಹೆಸರೂ ಹಜ್ ಯಾತ್ರೆಗೆ ಎತ್ತುವ ಚೀಟಿಯಲ್ಲಿ ಬಂದಿದ್ದವು. ಬೊಂಬಾಯಿಯಿಂದ ಹಡಗು. ತಿಂಗಳೊಳಗೆ ಒಪ್ಪಿಗೆ ತಿಳಿಸಬೇಕು. ಆಗ ಮುದುಕಿ ರಚ್ಚೆ ಹಿಡಿದಳು. ಮನೆಯಲ್ಲಿ ದಖ್ಖನಿ ಆಡುವವಳು ಜಗಳಕ್ಕೆ ಮಾತ್ರ ಕನ್ನಡವನ್ನೇ ಎತ್ತಿಕೊಳ್ಳುತ್ತಿದ್ದಳು, ಇಡೀ ಬೀದಿ ನ್ಯಾಯ ಹೇಳಲಿ ಅಂತ.

"ಸೂಜಿ ಬಾವಿಗ್ ಬಿದ್ರೆ ಮುಳುಗ್ತದೆ. ಅಷ್ಟ್ ದೊಡ್ಡ ಕಬ್ಬಿಣ ತೇಲ್ತದಂತೆ! ಯಾರಿಗ್ ಹೇಳ್ತೀಯೋ? ನಾ ಹತ್ತಲ್ಲ ಕಣೋ."

ಹಡಗು ಹತ್ತದಿದ್ದರೆ ಹಜ್ ಇಲ್ಲ. ಮತ್ತೆ ಚೀಟಿ ಬರುವವರೆಗೆ ಎಪ್ಪತ್ತು ದಾಟಿದ ಜೀವ ಇರುತ್ತದೆಂಬ ಭರವಸೆ ಯಾರಿಗೆ? ಸನಾವುಲ್ಲಾನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಅಂಥದ್ದೇ ಪುಟ್ಟ ಹಡಗು ಮಾಡಿ ತೇಲಿಸಿಯೇ ತೋರಿಸುತ್ತೇನೆಂದು ತರೀಕೆರೆಯ ಹಾಜಿಯೊಬ್ಬರ ಬಳಿಯಿದ್ದ ಹಡಗಿನ ಫೋಟೋ ತಂದ.

ಗಾಡಿಯ ಬಾಚಿ, ಕೊಡತಿಗಳು ಈ ಸಣ್ಣ ಕೆಲಸಕ್ಕೆ ಬಗ್ಗಲಿಲ್ಲ. ಛತ್ರಿ ಕಡ್ಡಿ ಮಸೆದು ತೂತು ಕೊರೆಯಲು ಇಟ್ಟುಕೊಂಡ. ಮುರಿದ ಗರಗಸದ ಚೂರು ಚಾಕುವಾಯಿತು. ಅಕ್ಕಸಾಲಿ ಈರಭದ್ರಪ್ಪನಿಂದ ಚಿಮಟ ಎರವಲು ಬಂತು. ಸಲಕರಣೆ ಹೊಸದಾದರೇನು, ಬುದ್ಧಿ ಗಾಡಿಯದೇ. ಗಟ್ಟಿಯಾಗಿದ್ದರೆ ತಾನೇ ಬಾಳಿಕೆ? ಜಾಲಿ ಮರದ ತುಂಡನ್ನು ಒಳಗೆ ಟೊಳ್ಳು ಮಾಡದೆ ಕೆತ್ತಿ, ಚಕ್ರಕ್ಕೆ ಹೊಡೆಯುವಂತೆ ಸುತ್ತಲೂ ಕಬ್ಬಿಣದ ಪಟ್ಟಿ ಕಾಯಿಸಿ ಹೊಡೆದ.

ಕೆರೆಯಲ್ಲಿ ತಾಯಿಯ ಕಣ್ಣೆದುರೇ ಬಿಟ್ಟ. ಗುಳುಕ್ ಅಂದದ್ದು ಮತ್ತೆ ಮೇಲೇಳಲಿಲ್ಲ.

"ನೋಡಿದ್ಯಾ?" ಅಂದಳು ಹಜೀರಾಬಿ.

ತಾಯಿಯ ಹಜ್ಜನ್ನು ಕೈಯಾರೆ ಮುಳುಗಿಸಿದೆನಲ್ಲ ಎಂದುಕೊಂಡ ಅವನು. ಅಷ್ಟರಲ್ಲಿ ಯಾರದೋ ಖಾಲಿ ಬಿಂದಿಗೆ ಕೈತಪ್ಪಿ ನೀರ ಮೇಲೆ ತೇಲಿಹೋಯಿತು. ಹಿತ್ತಾಳೆ ಬಿಂದಿಗೆ! ಸನಾವುಲ್ಲಾ ಅದನ್ನೇ ನೋಡುತ್ತ ನಿಂತ.

ಅಂದೇ ಸೀಮೆಎಣ್ಣೆ ಡಬ್ಬ ಬಿಡಿಸಿ, ತಗಡು ಕತ್ತರಿಸಿ, ಹೊಟ್ಟೆ ಖಾಲಿ ಬಿಟ್ಟು ಬೆಸೆಯತೊಡಗಿದ. ಐದು ಸಲ ನೀರು ಒಸರಿತು, ಐದು ಸಲವೂ ಸಾಸಿವೆಗಿಂತ ಸಣ್ಣ ತೂತು ಹುಡುಕಿ ಮುಚ್ಚಿದ. ಗಡುವಿಗೆ ಎರಡು ದಿನ ಉಳಿದಾಗ ಇಬ್ಬರೂ ಮತ್ತೆ ಕೆರೆಗೆ ಹೋದರು.

ಹಡಗು ತೇಲಿತು. ಮುದುಕಿ ಅಷ್ಟಕ್ಕೇ ನಂಬುವವಳಲ್ಲ. ಕಲ್ಲು ಆರಿಸಿ ಒಂದೊಂದೇ ಒಳಗಿಟ್ಟಳು.

"ಇದು ನಾನು. ಇದು ನೀನು. ಇದು ನನ್ ಉಪ್ಪಿನ್ಕಾಯಿ ಜಾಡಿ."

ಜಾಡಿಯೇ ಎಲ್ಲಕ್ಕಿಂತ ದೊಡ್ಡ ಕಲ್ಲು. ಹಡಗು ತುಸು ಕುಗ್ಗಿತು, ಮುಳುಗಲಿಲ್ಲ.

"ಆಯ್ತು, ಬರ್ದ್ ಹಾಕು. ಹೋಗಾಣ."

ಕುಣಿಯಬೇಕಿದ್ದವನು ಬಗ್ಗಿ ಬೆಸುಗೆಯ ಮೇಲೆ ಬೆರಳಾಡಿಸಿದ. ಮುಚ್ಚಿದ ಐದು ತೂತುಗಳೂ ಕಣ್ಣಿಗೆ ಕಟ್ಟಿದವು. ಅಷ್ಟು ದೊಡ್ಡ ಹಡಗಿಗೆ ಬೆಸುಗೆ ಎಷ್ಟು ಸಾವಿರವೋ! ಒಂದು ತೂತು ಯಾರ ಕಣ್ಣಿಗೂ ಬೀಳದೆ ಉಳಿದಿದ್ದರೆ?

"ಅಮ್ಮಾ, ಮುಂದಿನ್ ವರ್ಷ ಹೋದ್ರಾಗಲ್ವಾ?"

ಹಜೀರಾಬಿ ಮಗನ ಮುಖ ನೋಡಿದಳು. ತಿಂಗಳಿಡೀ ತನಗಿದ್ದ ಹೆದರಿಕೆ ಈಗ ಅಲ್ಲಿ ಕೂತಿತ್ತು. ಅವಳಿಗೆ ನಗು ಬಂತು, ಕನಿಕರವೂ ಬಂತು.

"ಆ ದೊಡ್ಡ ಹಡಗು ಮಾಡ್ದೋರೂ ಹಿಂಗೇ ಹೆದ್ರಿ ತೂತು ಹುಡ್ಕಿರ್ತಾರೆ ಕಣೋ, ಅದ್ಕೇ ಅದು ತೇಲ್ತದೆ. ನಡಿ. ಹತ್ತೋವಾಗ ನನ್ ಕೈ ಹಿಡ್ಕೊ."