ಲಿಲ್ಲಿಬಾಯಿ ತೆಗೆಯದ ಕಲ್ಲು

ನಮ್ಮ ಮನೆಯ ದೇವರ ಪೀಠದ ಮೇಲೆ ಒಂದು ಕಳ್ಳಮಾಲು ಇದೆ. ಮಾತೆ ಮರಿಯಳ ಪ್ರತಿಮೆಯ ಎಡಕ್ಕೆ, ಮೇಣದಬತ್ತಿಯ ಪಕ್ಕದಲ್ಲಿ, ನಿಂಬೆಹಣ್ಣಿನ ಗಾತ್ರದ ಒಂದು ಬೂದು ಕಲ್ಲು. ಒಮಾನಿಗೆ ಹೊರಗಿನಿಂದ ಕಲ್ಲು ತರುವುದೆಂದರೆ ಮಲ್ಪೆಗೆ ಮೀನು ಕೊಂಡುಹೋದ ಹಾಗೆ. ಮಸ್ಕತ್ ಪಕ್ಕದ ಸೀಬ್ ಊರಿನ ನಮ್ಮ ಫ್ಲ್ಯಾಟಿನ ತಾರಸಿ ಹತ್ತಿದರೆ ದೂರದಲ್ಲಿ ಕಾಣುವುದು ಕಲ್ಲಿನದೇ ಬೆಟ್ಟಸಾಲು. ಆದರೂ ಎರಡು ವರ್ಷಗಳ ಹಿಂದೆ ಇದು ನನ್ನ ಕೈಚೀಲದಲ್ಲಿ ಕುಳಿತು ಪೋಲಂಡಿನಿಂದ ಬಂತು. ಹೇಗೆ ಬಂತೆಂಬುದನ್ನು ಹತ್ತಾರು ಮನೆಗಳಲ್ಲಿ, ಊಟ ಮುಗಿದ ಮೇಲೆ, ಎಲ್ಲರನ್ನೂ ನಗಿಸುತ್ತ ಹೇಳಿದ್ದೇನೆ. ಹೇಳಿದ್ದು ಸುಳ್ಳು ಎಂದು ಹೋದ ತಿಂಗಳು ಗೊತ್ತಾಯಿತು.

ಇದು ನನಗೆ ಆಗಬಾರದಿತ್ತು. ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು. ಸಾಕ್ಷಿಯ ಬಾಯಿಮಾತಿಗಿಂತ ಅದೇ ದಿನ ಬರೆದಿಟ್ಟ ಚೀಟಿಯೇ ಮೇಲು ಎಂದು ನಮ್ಮ ಮೇಷ್ಟ್ರು ಹೇಳಿದ್ದನ್ನು ಬಾಳಿನ ವ್ರತ ಮಾಡಿಕೊಂಡು, ಇಪ್ಪತ್ತೈದು ವರ್ಷಗಳಿಂದ ದಿನಚರಿ ಬರೆಯುತ್ತ ಬಂದಿದ್ದೇನೆ. ನೆನಪನ್ನು ನಂಬಬೇಡಿ ಎಂದು ಕಂಡವರಿಗೆಲ್ಲ ಉಪದೇಶ ಮಾಡುತ್ತೇನೆ. ಬರೆದದ್ದನ್ನು ಮತ್ತೆ ತೆರೆದು ಓದಬೇಕು ಎಂಬ ಸಣ್ಣ ನಿಯಮ ಮಾತ್ರ ವ್ರತದಲ್ಲಿ ಬಿಟ್ಟುಹೋಗಿತ್ತು.

ನಮ್ಮದು ಮಂಗಳೂರು–ಉಡುಪಿ ಕಡೆಯ ಕೊಂಕಣಿ ಕ್ರೈಸ್ತರ ಯಾತ್ರೆ. ಮಸ್ಕತ್ತಿನ ಘಾಲಾ ಬಡಾವಣೆಯ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಇಲ್ಲಿನ ವಾರದ ರಜೆಯಾದ ಶುಕ್ರವಾರ ಸೇರುವ ಇಪ್ಪತ್ತೆರಡು ಮಂದಿ ಪೋಲಂಡಿನ ಪುಣ್ಯಕ್ಷೇತ್ರಗಳಿಗೆ ಹೊರಟಿದ್ದೆವು. ಅದರಲ್ಲಿ ನಾನು, ಆಗ ಹದಿನೈದು ತುಂಬಿದ್ದ ಮಗಳು ರಿಯಾ, ಮತ್ತು ಲಿಲ್ಲಿಬಾಯಿ. ಲಿಲ್ಲಿಬಾಯಿ ಇಲ್ಲಿನ ಒಂದು ಕ್ಲಿನಿಕ್ಕಿನಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದವರು. ಯಾವ ಕ್ಷೇತ್ರಕ್ಕೆ ಹೋದರೂ ಅಲ್ಲಿಂದ ಏನಾದರೂ ತಾರದೆ ಬಂದವರಲ್ಲ. ಅವರ ಶೋಕೇಸಿನಲ್ಲಿ ತೀರ್ಥದ ಬಾಟಲಿ, ಮಣ್ಣಿನ ಪೊಟ್ಟಣ, ಆಲಿವ್ ಎಲೆ ಎಲ್ಲವೂ ಔಷಧಿಯಂತೆ ಚೀಟಿ ಅಂಟಿಸಿಕೊಂಡು ಸಾಲಾಗಿ ನಿಂತಿವೆ. ನಮ್ಮಲ್ಲಿ ಇದು ತಪ್ಪಲ್ಲ. ಪವಿತ್ರ ಜಾಗಕ್ಕೆ ಹೋದವರು ಬರಿಗೈಯಲ್ಲಿ ಬಂದರೆ ಮನೆಯಲ್ಲಿದ್ದವರಿಗೆ ಬೇಸರ.

ಆ ಯಾತ್ರೆಯ ನಡುವೆ ಒಂದು ದಿನ, ಯಹೂದಿಗಳನ್ನು ಲಕ್ಷಗಟ್ಟಲೆ ಕೊಂದ ಒಂದು ಶಿಬಿರವನ್ನೂ ನೋಡಿದೆವು. ಅಲ್ಲಿ ಗಾಜಿನ ಹಿಂದೆ ಸೂಟ್‌ಕೇಸುಗಳ ರಾಶಿ ಇತ್ತು. ಒಂದೊಂದರ ಮೇಲೂ ದೊಡ್ಡ ಬಿಳಿ ಅಕ್ಷರಗಳಲ್ಲಿ ಹೆಸರು, ಊರು, ಹುಟ್ಟಿದ ದಿನ. ನನಗೆ ಮಸ್ಕತ್ ವಿಮಾನ ನಿಲ್ದಾಣ ಕಂಡಿತು. ನಾವೂ ಊರಿಗೆ ಹೊರಟಾಗ ರಟ್ಟಿನ ಪೆಟ್ಟಿಗೆಗೆ ಹಗ್ಗ ಬಿಗಿದು, ಮಾರ್ಕರಿನಲ್ಲಿ ನಾಲ್ಕೂ ಬದಿಗೆ ಹೆಸರು, ಊರು, ಫೋನ್ ನಂಬರ್ ಬರೆಯುತ್ತೇವೆ. ಪೆಟ್ಟಿಗೆ ಮರಳಿ ಕೈಗೆ ಸಿಗುತ್ತದೆ ಎಂಬ ನಂಬಿಕೆ ಇದ್ದವರು ಮಾತ್ರ ಹಾಗೆ ಬರೆಯುತ್ತಾರೆ. ಅಲ್ಲಿ ನಾನು ಅತ್ತಿದ್ದೆ ಎಂದು ನೆನಪು. ದಿನಚರಿಯಲ್ಲಿ ಅತ್ತದ್ದು ಇಲ್ಲ.

ಅದೇ ಹೊತ್ತಿಗೆ ಯಹೂದಿ ಹದಿಹರೆಯದವರ ಒಂದು ತಂಡವೂ ಬಂದಿತ್ತು. ಮೂವತ್ತು ಮಕ್ಕಳು, ಒಂದೇ ಬಣ್ಣದ ನೀಲಿ ಜಾಕೆಟ್ಟು, ತಮ್ಮವರ ಕಥೆ ನಡೆದ ನೆಲ ನೋಡಲು ದೂರದ ದೇಶದಿಂದ ಬಂದವರು. ನನ್ನ ನೆನಪಿನಲ್ಲಿ ಅವರೆಲ್ಲ ತಲೆತಗ್ಗಿಸಿ ಮೌನವಾಗಿ ನಿಂತಿದ್ದಾರೆ. ದಿನಚರಿಯ ಪ್ರಕಾರ ಇಬ್ಬರು ಬಿಸ್ಕತ್ತು ತಿನ್ನುತ್ತಿದ್ದರು, ಒಬ್ಬ ನಕ್ಕು ಟೀಚರಿಂದ ಬೈಸಿಕೊಂಡ. ದಿನಚರಿಯ ಮಕ್ಕಳೇ ನನಗೆ ಈಗ ಹೆಚ್ಚು ಇಷ್ಟ. ಸಾಲಿನಲ್ಲಿ ರಿಯಾಳ ಮುಂದಿದ್ದ ಹುಡುಗಿಯ ಕೈಯಲ್ಲಿ ಒಂದು ಕಲ್ಲಿತ್ತು. ಅಜ್ಜಿಯ ತೋಟದ್ದಂತೆ. ಅಜ್ಜಿಯ ಅಕ್ಕ ಇಲ್ಲಿ ಸತ್ತಳು, ಸಮಾಧಿ ಇಲ್ಲ. ನಾವು ಸತ್ತವರಿಗೆ ಹೂವಿಡುವುದಿಲ್ಲ, ಕಲ್ಲಿಡುತ್ತೇವೆ ಎಂದು ರಿಯಾಳಿಗೆ ಹೇಳಿದಳಂತೆ. ಆ ಮಕ್ಕಳು ಒಬ್ಬೊಬ್ಬರಾಗಿ ಸ್ಮಾರಕದ ಕಟ್ಟೆಯ ಮೇಲೆ ಕಲ್ಲಿಟ್ಟು ಹೋದರು.

ಇನ್ನು ನಾನು ಮನೆಮನೆಯಲ್ಲಿ ಹೇಳುತ್ತಿದ್ದ ಕಥೆ. ಮಕ್ಕಳು ಅತ್ತ ಹೋದದ್ದೇ ತಡ, ಲಿಲ್ಲಿಬಾಯಿ ಕಟ್ಟೆಯಿಂದ ಒಂದು ಕಲ್ಲು ಎತ್ತಿ ಶೋಕೇಸಿಗೆಂದು ಚೀಲಕ್ಕೆ ಹಾಕಿದರು. ನಾನು ಓಡಿಹೋಗಿ ಅವರ ಕೈಯಿಂದ ಕಿತ್ತುಕೊಂಡೆ. ಮರಳಿ ಇಡಬೇಕು ಎನ್ನುವಷ್ಟರಲ್ಲಿ ಬಸ್ಸು ಹಾರ್ನ್ ಹಾಕಿತು. ಕಲ್ಲು ನನ್ನ ಬಳಿ ಉಳಿಯಿತು. ಎಷ್ಟು ಒಳ್ಳೆಯ ಕಥೆ! ಒಬ್ಬರು ಪೆದ್ದರು, ಒಬ್ಬಳು ವಿವೇಕಿ, ಮತ್ತು ತಪ್ಪಿತಸ್ಥ ಬಸ್ಸು. ಲಿಲ್ಲಿಬಾಯಿ ಎದುರಿಗಿದ್ದಾಗಲೂ ಹೇಳಿದ್ದೇನೆ. ಅವರು ತಟ್ಟೆ ನೋಡುತ್ತ ನಗುತ್ತಿದ್ದರು. ‘ಕಲ್ಲುಕಳ್ಳಿ’ ಎಂದು ಅವರಿಗೆ ಅಡ್ಡಹೆಸರೇ ಬಿತ್ತು.

ಹೋದ ತಿಂಗಳು ಲಿಲ್ಲಿಬಾಯಿ ಕೆಲಸ ಬಿಟ್ಟು ಒಮಾನಿನಿಂದ ಶಾಶ್ವತವಾಗಿ ಹೊರಡುವುದೆಂದು ನಿಶ್ಚಯವಾಯಿತು. ಬೀಳ್ಕೊಡುಗೆಯ ಊಟಕ್ಕೆ ಫೋಟೊಗಳ ಸ್ಲೈಡ್ ಶೋ ಮಾಡುವ ಕೆಲಸ ರಿಯಾಳದು, ನಾಲ್ಕು ಮಾತಾಡುವ ಕೆಲಸ ನನ್ನದು. ಕಲ್ಲಿನ ಕಥೆ ಇರಲೇಬೇಕೆಂದು ಎಲ್ಲರ ಬೇಡಿಕೆ. ತಾರೀಕು ನೋಡಲು ರಿಯಾ ನನ್ನ ದಿನಚರಿ ಕೇಳಿದಳು. ಹೆಮ್ಮೆಯಿಂದ ಕೊಟ್ಟೆ. ಐದೇ ನಿಮಿಷಕ್ಕೆ ಅಡುಗೆಮನೆಗೆ ಬಂದಳು.

“ಮಮ್ಮಾ, ದಿಸ್ ಈಸ್ ನಾಟ್ ಫನಿ. ಕಲ್ಲು ತೆಗೆದದ್ದು ನೀನು.”

“ಎಂತ ಹೇಳ್ತಿ? ಕನ್ನಡ ಸರಿಯಾಗಿ ಓದು.”

“ಸರಿಯಾಗಿಯೇ ಓದಿದೆ. ನಾವೆಲ್ಲ ಮೊದಲೇ ಬಸ್ ಹತ್ತಿದ್ದೆವು, ಯಾರೂ ನೋಡಿರಲಿಲ್ಲ. ಕೇಳು.”

ಓದಿದಳು: “ಸ್ಮಾರಕದ ಕಟ್ಟೆಯಿಂದ ಒಂದು ಕಲ್ಲು ತೆಗೆದುಕೊಂಡೆ. ಲಿಲ್ಲಿಬಾಯಿ ಬೈದರು. ಇದು ಯಾತ್ರೆಯ ಜಾಗ ಅಲ್ಲ, ಸತ್ತವರ ಜಾಗ, ಇಟ್ಟು ಬಾ ಎಂದರು. ಬಸ್ಸು ಹಾರ್ನ್ ಹಾಕಿತು. ಬಲಗಾಲಿನ ಬೂಟು ಕಚ್ಚುತ್ತಿದೆ.”

ಅಕ್ಷರ ನನ್ನದೇ. ಬೂಟು ಕಚ್ಚಿದ್ದೂ ಚೆನ್ನಾಗಿ ನೆನಪಿದೆ. ಸುಳ್ಳು ಹೇಳಲು ನಿರ್ಧರಿಸಿದ ಗಳಿಗೆಯನ್ನು ಎಷ್ಟು ಹುಡುಕಿದರೂ ಸಿಗುತ್ತಿಲ್ಲ. ಹೆದರಿಕೆ ಆದದ್ದು ಅದಕ್ಕೇ. ಬೇಕೆಂದು ಹೇಳಿದ ಸುಳ್ಳಾಗಿದ್ದರೆ ಅದಕ್ಕೊಂದು ಬಾಗಿಲು ಇರುತ್ತಿತ್ತು. ಬಂದ ದಾರಿಯಲ್ಲೇ ಹೊರಗೆ ಹೋಗಬಹುದಿತ್ತು. ಇದು ಬಹುಶಃ ಮೊದಲ ಮನೆಯಲ್ಲಿ ಸ್ವಲ್ಪ ವಾಲಿತು, ಐದನೆಯ ಮನೆಯಲ್ಲಿ ಮಗುಚಿತು, ಹತ್ತನೆಯ ಮನೆಗೆ ಬರುವಾಗ ನನ್ನ ಕಣ್ಣೇ ಅದನ್ನು ಕಂಡಿತ್ತು. ಸುಳ್ಳು ಹೇಳೆಂದು ಯಾರೂ ನನ್ನನ್ನು ಒತ್ತಾಯಿಸಿರಲಿಲ್ಲ, ಒಂದು ಪೈಸೆಯ ಲಾಭವೂ ಇರಲಿಲ್ಲ. ಕೇಳುವವರು ನಕ್ಕರೆ ಸಾಕಾಗಿತ್ತು. ಆ ದೂರದ ದೇಶದ ಟೀಚರುಗಳು ಬಿಸ್ಕತ್ತು ತಿನ್ನುವ ವಯಸ್ಸಿನ ಮಕ್ಕಳನ್ನು ಅಲ್ಲಿಯವರೆಗೆ ಯಾಕೆ ಕರೆತಂದು ನಿಲ್ಲಿಸುತ್ತಾರೆ, ಕೈಯಲ್ಲಿ ಕಲ್ಲು ಯಾಕೆ ಕೊಡುತ್ತಾರೆ ಎಂಬುದು ನನಗೆ ಆ ಮಧ್ಯಾಹ್ನ ಒಗ್ಗರಣೆ ಸೀದುಹೋಗುವ ವಾಸನೆಯ ನಡುವೆ ಅರ್ಥವಾಯಿತು. ಬರೀ ಬಾಯಿಮಾತಿಗೆ ಬಿಟ್ಟರೆ ಎಂಥ ಕಥೆಯೂ ಹೀಗೆ ಮಗುಚುತ್ತದೆ.

ಘಾಲಾದ ವರ್ಕ್‌ಶಾಪಿನಿಂದ ಮನೆಗೆ ಬಂದ ಗಂಡ ವಿನ್ಸೆಂಟ್ ಎಲ್ಲ ಕೇಳಿ, “ಅವರು ಹೇಗೂ ಹೋಗ್ತಾರಲ್ಲ ಮಾರಾಯ್ತಿ. ಆ ಕಥೆ ಬಿಟ್ಟು ಬೇರೆ ಹೇಳು. ಖಲಾಸ್” ಎಂದರು. ಸಲಹೆ ಸುಲಭವಾಗಿತ್ತು. ಆದರೆ ಹಾಗೆ ಮಾಡಿದರೆ ಲಿಲ್ಲಿಬಾಯಿ ಮೂವತ್ತು ವರ್ಷದ ದುಡಿಮೆಯ ಜೊತೆಗೆ, ತಾನು ಮಾಡದ ಕಳ್ಳತನವನ್ನೂ ಹೊತ್ತು ಊರಿಗೆ ಹೋಗುತ್ತಾರೆ. ಹೇಳಿಯೇ ತೀರುವುದೆಂದು ತೀರ್ಮಾನಿಸಿದೆ. ಎಷ್ಟು ಮನೆಗಳಲ್ಲಿ ಅವರ ಮಾನ ಕದ್ದೆನೋ ಅಷ್ಟೂ ಮನೆಯವರು ಒಂದೇ ಕೋಣೆಯಲ್ಲಿ ಸಿಗುವುದು ಇನ್ನೊಮ್ಮೆ ಇಲ್ಲ.

ಶುಕ್ರವಾರ ಪೂಜೆ ಮುಗಿಸಿ ಎಲ್ಲರೂ ಸೇರಿದರು. ಇಡ್ಲಿಯಂಥ ಸನ್ನ, ಹಂದಿಮಾಂಸ, ಫೋಟೊ, ನಗು. ನನ್ನ ಸರದಿ ಬಂದಾಗ “ಕಲ್ಲು! ಕಲ್ಲು!” ಎಂದು ಕೂಗಿದರು. ನಾನು ದಿನಚರಿ ತೆರೆದು ಆ ಐದು ವಾಕ್ಯ ಓದಿದೆ. ಬೂಟಿನದ್ದೂ ಸೇರಿ. “ನಾನು ತೆಗೆದದ್ದು. ಇವರು ಬೇಡ ಅಂದಿದ್ದರು. ಎರಡು ವರ್ಷ ತಿರುಗಿಸಿ ಹೇಳಿದೆ” ಎಂದೆ. ಯಾರೋ ಇದೂ ತಮಾಷೆ ಎಂದುಕೊಂಡು ನಕ್ಕು, ಅರ್ಧಕ್ಕೆ ನಿಲ್ಲಿಸಿದರು.

ನಮ್ಮ ನಡುವಿನ ಮಾತು ಕೊಂಕಣಿ. ಆದರೆ ಲಿಲ್ಲಿಬಾಯಿ ಬೈಯಬೇಕಾದರೆ ಉಡುಪಿಯ ಶಾಲೆಯ ಕನ್ನಡಕ್ಕೆ ಇಳಿಯುತ್ತಾರೆ.

“ಈಗ ಹೇಳ್ತಿಯಾ ಜೆಸ್ಸಿ? ಈಗ?”

“ಆಗಲೇ ನೀವು ಯಾಕೆ ಸುಮ್ಮನಿದ್ದಿರಿ, ಬಾಯಿ?”

“ಸುರುವಿಗೆ ಸಿಟ್ಟು ಬಂದಿತ್ತು. ಆದ್ರೆ ನೀನು ಕಲಿತವಳು, ದಿನಾ ಬರೆದಿಡುವವಳು. ನನ್ನ ಶೋಕೇಸು ಬೇರೆ ಹಾಗೆ ಉಂಟು. ನೀನು ಹೇಳಿ ಹೇಳಿ, ಕಡೆಗೆ ನಾನೇ ತೆಗೆದೆನಾ ಏನೋ ಅಂತ ನನಗೇ ಕಾಣ್ಲಿಕ್ಕೆ ಶುರುವಾಯ್ತು. ಪಾದ್ರಿಯ ಹತ್ರ ಹೋಗಿ ಪಾಪನಿವೇದನೆಯೂ ಮಾಡಿ ಬಂದೆ, ಗೊತ್ತುಂಟಾ?”

ಲಿಲ್ಲಿಬಾಯಿ ಹತ್ತೂ ಬೆರಳು ಬಿಡಿಸಿ ತೋರಿಸಿದರು.

“ಪ್ರಾಯಶ್ಚಿತ್ತಕ್ಕೆ ಹತ್ತು ನಮೋ ಮರಿಯೆ ಜಪ ಹೇಳ್ಲಿಕ್ಕೆ ಕೊಟ್ರು. ಮೊಣಕಾಲು ಊರಿ ಹೇಳಿದ್ದೇನೆ, ಈ ಗಂಟುನೋವಲ್ಲಿ. ಅದನ್ನು ನೀನು ನನಗೆ ವಾಪಸ್ ಕೊಡ್ಬೇಕು.”

ಆಗ ನಗು ಸ್ಫೋಟಿಸಿತು. ಅವರೂ ನಕ್ಕರು, ಈ ಸಲ ತಟ್ಟೆ ನೋಡದೆ. ಆಮೇಲೆ ನನ್ನ ಕೈ ಹಿಡಿದು, ನಗದೆ, “ಕಲ್ಲು?” ಎಂದು ಮಾತ್ರ ಕೇಳಿದರು.

ಕಲ್ಲು ಮೇ ತಿಂಗಳಲ್ಲಿ ಹೋಗುತ್ತದೆ. ಅಂಚೆಯಲ್ಲಿ ಕಳಿಸಬಹುದು, ಹೋಗುವವರ ಕೈಯಲ್ಲಿ ಕೊಡಬಹುದು ಎಂದು ಹಲವರು ಹೇಳಿದರು. ನಾನು ಒಪ್ಪಲಿಲ್ಲ. ಕೈ ಬದಲಾದರೆ ಕಥೆಯೂ ಬದಲಾಗುತ್ತದೆ. ರಜೆ ಮಂಜೂರಾಗಿದೆ, ರಿಯಾಳೂ ಬರುತ್ತಾಳೆ. ಅದು ಆ ಹುಡುಗಿಯ ಅಜ್ಜಿಯ ತೋಟದ ಕಲ್ಲೇ, ಬೇರೊಬ್ಬರದೇ, ನನಗೆ ತಿಳಿಯುವ ದಾರಿಯಿಲ್ಲ. ಯಾರದೇ ಆಗಿರಲಿ, ಸಮಾಧಿಯಿಲ್ಲದ ಯಾರಿಗೋ ಯಾರೋ ಒಬ್ಬರು ಇಟ್ಟದ್ದು. ಅದೇ ಕಟ್ಟೆಯ ಮೇಲೆ ಇಟ್ಟು, ಬರಿಗೈಯಲ್ಲಿ ಬರುತ್ತೇನೆ.

ಆ ಶುಕ್ರವಾರ ಊಟದಿಂದ ಹೊರಬಂದವಳು ಕಾರು ಹೊರಡಲು ಬಿಡಲಿಲ್ಲ. ಬಿಸಿಲಲ್ಲಿ ಸೀಟು ಸುಡುತ್ತಿತ್ತು, ವಿನ್ಸೆಂಟ್ ಗೊಣಗುತ್ತಿದ್ದರು. ದಿನಚರಿ ತೆರೆದು ಮೊದಲು ಒಂದೇ ಸಾಲು ಬರೆದೆ: ಲಿಲ್ಲಿಬಾಯಿ ಹೇಳಿದ ನಮೋ ಮರಿಯೆ ಹತ್ತು. ನನ್ನನ್ನು ನಾನು ಬಲ್ಲೆ. ಮುಂದಿನ ವರ್ಷ ಯಾರದೋ ಮನೆಯಲ್ಲಿ, ಊಟದ ನಂತರ, ಅದು ಐವತ್ತಾಗಲು ಹವಣಿಸುತ್ತದೆ.