ಎರಡನೆಯ ಸೂಜಿ

ದಿಂಬಂ ಘಟ್ಟದ ಚಹಾ ಅಂಗಡಿಯ ಮುಂದೆ ಬಸ್ಸು ನಿಂತಿತ್ತು. ಎದುರು ಬೆಂಚಿನಲ್ಲಿ ಕುಳಿತಿದ್ದ ವೃದ್ಧೆಯೊಬ್ಬರು ಕ್ಯಾಪ್ಸೂಲ್ ನುಂಗಲಾರದೆ ಅದನ್ನು ಉಗುರಿನಿಂದ ಬಿಡಿಸಿ, ಒಳಗಿನ ಪುಡಿಯನ್ನು ಚಮಚಕ್ಕೆ ಸುರಿದುಕೊಂಡರು. ಒದ್ದೆ ಗೋಡೆಯ ಬೂಷ್ಟು, ಹಳಸಿದ ಬೆಳ್ಳುಳ್ಳಿ ಎರಡೂ ಬೆರೆತಂಥ ವಾಸನೆ ಗಾಳಿಯಲ್ಲಿ ತೇಲಿಬಂತು. ಪೆನಿಸಿಲಿನ್ ಕುಲದ ಔಷಧಿಗಳ ಒಡಲಲ್ಲಿರುವ ಗಂಧಕದ ವಾಸನೆ ಅದು.

“ಯಾರು ಬರೆದುಕೊಟ್ಟರಮ್ಮ ಇದನ್ನು?” ಎಂದು ಕೇಳಿದೆ.

“ಯಾರ್ ಬರೆದಾರು? ಅಂಗಡೀಲಿ ಎರಡು ಕೊಟ್ರು ಕಣಪ್ಪ. ಒಂದ್ರಲ್ಲೇ ಕೆಮ್ಮು ನಿಂತ್ರೆ ಇನ್ನೊಂದ ಮೊಮ್ಮಗೀಗೆ ಮಡಿಕ್ಕತೀನಿ.”

ಚೀಟಿ ಕೇಳದೆ ಮಾರಿದ ಅಂಗಡಿಯವನದು ಒಂದು ತಪ್ಪು. ವೈದ್ಯರನ್ನು ಬೆಟ್ಟ ಹತ್ತಿಸದ ಆಡಳಿತದ್ದು ಅದಕ್ಕಿಂತ ದೊಡ್ಡದು. ಹೀಗೆ ಅರೆಬರೆ ನುಂಗಿದ ಔಷಧಿಗೆ ಸಾಯದೆ ಉಳಿದ ಜೀವಾಣುಗಳು, ಔಷಧಿಯನ್ನೇ ಕತ್ತರಿಸಿಹಾಕುವ ಕಿಣ್ವವನ್ನು ತಮ್ಮ ಸಂತತಿಗೆ ದಾಟಿಸುತ್ತವೆ. ಇದನ್ನೆಲ್ಲ ನಾನು ಊರೂರು ಸುತ್ತಿ ಹೇಳುತ್ತ ಬಂದವನು. ಅಂದು ಮಾತ್ರ ಆ ಅಜ್ಜಿಯನ್ನು ಅಲ್ಲೇ ಬಿಟ್ಟು ಬಸ್ಸಿನ ಕಡೆ ನಡೆದೆ. ಆ ವಾಸನೆಯ ಹಿಂದಿನಿಂದ ಸಿಸ್ಟರಮ್ಮ ನೆನಪಾಗಿ ಬಂದು ನಿಂತಿದ್ದರು…

ಬೆಟ್ಟದ ಮೇಲಿನ ನಮ್ಮೂರಿನ ಆರೋಗ್ಯ ಕೇಂದ್ರಕ್ಕೆ ಅವರು ನರ್ಸಾಗಿ ಬಂದದ್ದು ಇಪ್ಪತ್ತು ವರ್ಷಗಳಿಗೂ ಹಿಂದೆ, ಬೆಟ್ಟದ ಕೆಳಗಿನ ತಮಿಳು ಊರೊಂದರಿಂದ. ವೈದ್ಯರು ವಾರಕ್ಕೆ ಒಂದು ದಿನ ಬಂದರೆ ಹೆಚ್ಚು. ಉಳಿದ ದಿನಗಳಲ್ಲಿ ಆಸ್ಪತ್ರೆಯೆಂದರೆ ಸಿಸ್ಟರಮ್ಮನೇ. ನನ್ನ ತಂಗಿಯ ಜೀವ ಅವರ ಕೈಯಲ್ಲಿತ್ತು. ಹನ್ನೆರಡನೆಯ ವಯಸ್ಸಿನಲ್ಲಿ ಅವಳಿಗೆ ಗಂಟಲು ನೋವು ಬಂದು, ಹಿಂದೆಯೇ ಮಂಡಿಗಳು ಊದಿ, ಕಡೆಗೆ ಅದು ಹೃದಯಕ್ಕೆ ಇಳಿದಿತ್ತು. ಗಂಟಲಿನ ಜೀವಾಣುವಿನ ಮೇಲೆ ಯುದ್ಧಕ್ಕೆ ಹೊರಟ ದೇಹವು ಗುರುತು ತಪ್ಪಿ ತನ್ನದೇ ಹೃದಯದ ಕವಾಟಗಳನ್ನು ಕಡಿಯುವ ರೋಗ ಅದು. ಅದೇ ಜೀವಾಣು ಮತ್ತೆ ಬರದಂತೆ ತಡೆಯುವುದೊಂದೇ ದಾರಿ. ಇಪ್ಪತ್ತೊಂದು ದಿನಕ್ಕೊಮ್ಮೆ, ತಪ್ಪದೆ, ವರ್ಷಗಟ್ಟಲೆ ಪೆನಿಸಿಲಿನ್ ಚುಚ್ಚುಮದ್ದು ಬೀಳಬೇಕಿತ್ತು.

ಆ ಮದ್ದಿನ ಪುಡಿಗೆ ನೀರು ಬೆರೆಸಿದರೆ ಗಟ್ಟಿ ಹಾಲಿನಂತಾಗುತ್ತದೆ. ಸೂಜಿ ದಪ್ಪ, ಒತ್ತುವ ಕೈ ಅರೆಗಳಿಗೆ ತಡೆದರೂ ಕಟ್ಟಿಕೊಳ್ಳುತ್ತದೆ. ತಂಗಿ ನನ್ನ ಮುಂಗೈ ಕಚ್ಚಿ ಹಿಡಿಯುತ್ತಿದ್ದಳು. “ಆಯ್ತು ಕಣ್ಣು, ಆಯ್ತು. ಅಣ್ಣನ ಕೈ ತಿಂದುಬಿಡಬೇಡ, ಮೀಟಿಂಗಿನಲ್ಲಿ ಬೀಸೋಕೆ ಅವನಿಗೆ ಬೇಕು,” ಎನ್ನುತ್ತ ಸಿಸ್ಟರಮ್ಮ ಒಂದೇ ಬಿಗಿಯಲ್ಲಿ ಮದ್ದು ಇಳಿಸಿಬಿಡುತ್ತಿದ್ದರು. ಅಂಥ ಸ್ಥಿರವಾದ ಬಲಗೈಯನ್ನು ನಾನು ಮತ್ತೆ ಕಂಡಿಲ್ಲ.

ಆಗ ನಾನು ರಸಾಯನಶಾಸ್ತ್ರದ ಪದವಿ ಮುಗಿಸಿ ಬಂದಿದ್ದ ಬಿಸಿರಕ್ತದವನು. ಒಮ್ಮೆ ಕಾಗದದಲ್ಲಿ ಆ ಅಣುವನ್ನು ಬರೆದು ತೋರಿಸಿದೆ. ಮೂರು ಇಂಗಾಲ, ಒಂದು ಸಾರಜನಕ ಸೇರಿದ ನಾಲ್ಕು ಮೂಲೆಯ ಉಂಗುರ. ಬೀಟಾ-ಲ್ಯಾಕ್ಟಮ್ ಎಂದು ಹೆಸರು. ಅಗಲಿಸಿಕೊಂಡು ನಿಲ್ಲಬೇಕಾದ ಬಂಧಗಳನ್ನು ಬಲವಂತವಾಗಿ ಚೌಕಕ್ಕೆ ಬಗ್ಗಿಸಿರುವುದರಿಂದ ಅದು ಸದಾ ಸಿಡಿಯಲು ಕಾಯುತ್ತಿರುತ್ತದೆ ಎಂದೆ.

“ಬಿದಿರು ಬಗ್ಗಿಸಿ ಹಂದಿಗೆ ಉರುಳು ಒಡ್ಡುತ್ತಾರಲ್ಲ, ಹಾಗೆ ತಾನೇ ತಂಬಿ?” ಎಂದರು ಸಿಸ್ಟರಮ್ಮ.

ಹಾಗೆಯೇ. ಜೀವಾಣು ತನ್ನ ಸುತ್ತ ಗೋಡೆ ಕಟ್ಟಿಕೊಳ್ಳಲು ಒಂದು ಕಿಣ್ವವನ್ನು ಗಾರೆಯವನಂತೆ ದುಡಿಸುತ್ತದೆ. ಆ ಗಾರೆಯವನು ಈ ಉಂಗುರವನ್ನು ಇಟ್ಟಿಗೆಯೆಂದೇ ಬಗೆದು ಕೈಗೆತ್ತಿಕೊಂಡರೆ ಉಂಗುರ ಸಿಡಿದು ಬಿಚ್ಚಿ, ಅವನ ಕೈಗೇ ಬೆಸೆದುಕೊಳ್ಳುತ್ತದೆ. ಗೋಡೆ ಅರ್ಧಕ್ಕೆ ನಿಲ್ಲುತ್ತದೆ. ಹೊರಗಿನ ನೀರು ನುಗ್ಗಿ ಜೀವಾಣು ಹೊಟ್ಟೆಯೊಡೆದು ಸಾಯುತ್ತದೆ. ನಮ್ಮ ಕೋಶಗಳಿಗೆ ಅಂಥ ಗೋಡೆಯೇ ಇಲ್ಲದ ಕಾರಣ ನಮಗೆ ಏಟಿಲ್ಲ ಎಂದು ನಾನು ಮುಗಿಸಿದೆ.

“ಏಟಿಲ್ಲ ಅನ್ನಬೇಡ,” ಎಂದು ಅವರು ಸ್ಟೀಲ್ ತಟ್ಟೆಯ ಎಡಬದಿಯನ್ನು ತೋರಿಸಿದರು. ಪೆನಿಸಿಲಿನ್ ಬಾಟಲಿ ಮುಟ್ಟುವ ಮೊದಲೇ ಅಡ್ರಿನಲಿನ್ ಸೀಸೆಯೊಂದನ್ನು ಸಿರಿಂಜಿನ ಜೊತೆ ಅಲ್ಲಿಡುವುದು ಅವರ ಕ್ರಮ. ಬಿಚ್ಚಿಕೊಂಡ ಉಂಗುರ ಕೆಲವೊಮ್ಮೆ ನಮ್ಮ ರಕ್ತದ ಪ್ರೋಟೀನಿಗೂ ಅಂಟುತ್ತದೆ. ಕೆಲವರ ಮೈ ಅದನ್ನು ಶತ್ರುವೆಂದು ನೆನಪಿಟ್ಟುಕೊಳ್ಳುತ್ತದೆ. ಮುಂದಿನ ಸೂಜಿ ಬಿದ್ದರೆ ಉಸಿರಿನ ದಾರಿ ಊದಿ ಮುಚ್ಚುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಆಗ ಉಳಿಸುವುದು ತಡಮಾಡದೆ ತೊಡೆಗೆ ಹಾಕಿದ ಅಡ್ರಿನಲಿನ್ ಮಾತ್ರ.

“ನಿಮ್ಮ ಕನ್ನಡದಲ್ಲಿ ‘ಆಗಲ್ಲ’ ಅಂತ ಒಂದು ಮಾತಿದೆ, ಅದೇ ನನಗೆ ಭಯ,” ಎಂದರು. “ಸೂಜಿ ಆಗಲ್ಲ ಅಂದರೆ ಏನು? ಇಷ್ಟ ಇಲ್ಲವಾ, ಹೆದರಿಕೆಯಾ, ಮೈಗೆ ಒಗ್ಗಲ್ಲವಾ? ಅದಕ್ಕೇ ನಾನು ಆಗುತ್ತಾ ಅಂತ ಕೇಳೋದೇ ಇಲ್ಲ. ಹಿಂದೆ ಸೂಜಿ ಹಾಕಿದಾಗ ದದ್ದು ಎದ್ದಿತ್ತಾ, ಮುಖ ಊದಿತ್ತಾ, ಉಸಿರು ಕಟ್ಟಿತ್ತಾ ಅಂತ ಕೇಳುತ್ತೀನಿ.” ಇಷ್ಟು ಸಣ್ಣ ಮಾತು. ನಾನು ತಲೆಯಾಡಿಸಿದ್ದೆ…

ನಮ್ಮ ಹೊಲಕ್ಕೆ ಕೂಲಿಗೆ ಬರುತ್ತಿದ್ದ ಗಂಡಹೆಂಡಿರಿದ್ದರು. ಲಂಟಾನದ ಪೊದೆ ಸವರುವಾಗ ಗಂಡನ ಕಾಲಿಗೆ ಮಚ್ಚು ತಾಗಿ, ಗಾಯ ಕೀವಾಗಿತ್ತು. ಸಿಸ್ಟರಮ್ಮ ಅಂದು ಲಸಿಕೆ ಹಾಕಲು ತಾಳಮಲೆಯ ಕಡೆ ಹೋಗಿದ್ದರು, ಮಧ್ಯಾಹ್ನಕ್ಕೆ ಬರುವವರಿದ್ದರು. ನನಗೆ ಹಾಸನೂರಿನ ಸಭೆಗೆ ಹೊತ್ತಾಗಿತ್ತು. ವೈಜ್ಞಾನಿಕ ಮನೋಭಾವ ಕುರಿತು ನಾನು ಮಾತನಾಡಬೇಕಿದ್ದ ಸಭೆ ಅದು. ಅವರನ್ನು ನನ್ನ ಚಿಕ್ಕಪ್ಪನ ಬಳಿಗೆ ಕರೆದುಕೊಂಡು ಹೋದೆ. ಚಿಕ್ಕಪ್ಪ ಪದವಿಯಿಲ್ಲದ ಡಾಕ್ಟರು. ಯಾವ ಕಾಯಿಲೆಗೂ ಅವನ ಉತ್ತರ ಸೂಜಿ.

ಹೆಂಡತಿ ಬಾಗಿಲಲ್ಲೇ ತಡೆದಳು. “ಬುದ್ದಿ, ಇವರ್ಗೆ ಸೂಜಿ ಆಗಲ್ಲ.”

ಬುದ್ಧಿ ಎನ್ನಬೇಡಿ ಎಂದು ನಾನು ಎಷ್ಟು ಸಲ ಹೇಳಿದ್ದರೂ ನಮ್ಮ ಜಾತಿಯವರ ಮುಂದೆ ಅವರ ಬಾಯಿಗೆ ಬರುತ್ತಿದ್ದುದು ಅದೇ.

“ಮಚ್ಚಿನೇಟು ಆಗ್ತದೆ, ಸೂಜಿ ಆಗಲ್ವಾ?” ಎಂದ ಚಿಕ್ಕಪ್ಪ. “ಗಂಡ್ಸಾ ನೀನು? ತಿರುಗ್ಲಾ!”

ನಾನು ನಕ್ಕೆ. ಸೂಜಿಯ ಭಯ ಮೂಢನಂಬಿಕೆಯ ಇನ್ನೊಂದು ಮುಖವೆಂದು ಅವಳಿಗೆ ವಿವರಿಸಿದೆ. ಗಂಡ ನಾಚಿಕೊಂಡು ತಿರುಗಿ ನಿಂತು ಚಿಕ್ಕಪ್ಪನ ಪೆನಿಸಿಲಿನ್ ಸೂಜಿಗೆ ಮೈಯೊಡ್ಡಿದ. ಕಲ್ಲುಕ್ವಾರಿಯಲ್ಲಿ ದುಡಿಯುವಾಗ ಹಾಕಿಸಿಕೊಂಡಿದ್ದ ಸೂಜಿಯೊಂದಕ್ಕೆ ಅವನ ಮೈಯೆಲ್ಲ ದದ್ದೆದ್ದು ತುಟಿ ಊದಿತ್ತೆಂದು ನಮಗೆ ತಿಳಿದದ್ದು ಆಮೇಲೆ. ಯಾರೂ ಕೇಳಿರಲಿಲ್ಲ.

ಮೊದಲು ಅಂಗೈ ಕೆರೆದುಕೊಂಡ. ನಾನು ಬಾಗಿಲು ದಾಟುವಷ್ಟರಲ್ಲಿ ಅವನ ಕತ್ತು, ಕೆನ್ನೆ ದದ್ದು ದದ್ದಾಗಿ ಎದ್ದವು. ಕಣ್ಣು ಮುಚ್ಚುವಂತೆ ರೆಪ್ಪೆಗಳು ಊದಿದವು. ಎದೆಯೊಳಗಿಂದ ಸೀಟಿ ಹೊಡೆದಂಥ ಸದ್ದು ಬಂತು. ಗೋಡೆಯನ್ನು ಪರಚುತ್ತ ಕುಸಿದ. ಚಿಕ್ಕಪ್ಪನ ಬಳಿ ಅಡ್ರಿನಲಿನ್ ಇರಲಿಲ್ಲ, ಅದರ ಹೆಸರೂ ತಿಳಿದಿರಲಿಲ್ಲ. ಮುಖಕ್ಕೆ ನೀರೆರಚಿದ, ಮುಚ್ಚಿದ ಗಂಟಲಿಗೆ ಸೋಡಾ ಹುಯ್ಯಲು ನೋಡಿದ. ಉಳಿಸಬಹುದಾಗಿದ್ದ ಹೊತ್ತು ಹಾಗೆ ಕಳೆಯಿತು. ಕಡೆಗೆ, “ಎತ್ತ್ಕೊಂಡು ಓಗಿ ಆಸ್ಪತ್ರೆಗೆ. ಇಲ್ಲಿಗೆ ಬಂದಿದ್ರಿ ಅಂತ ಯಾವನಾದ್ರೂ ಬಾಯ್ಬುಟ್ಟೀರಾ!” ಎಂದ.

ಕಂಬಳಿಯಲ್ಲಿ ಹೊತ್ತು ತಂದೆವು. ಸಿಸ್ಟರಮ್ಮ ಆಗತಾನೆ ಬಂದಿದ್ದರು. ನೀಲಿಗಟ್ಟಿದ ತುಟಿ ಕಂಡದ್ದೇ, “ಯಾರು ಸೂಜಿ ಹಾಕಿದ್ದು? ಏನು ಹಾಕಿದ್ದು?” ಎಂದು ಕೂಗಿದರು. ಅವನ ಹೆಂಡತಿ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಅವರು ಉತ್ತರಕ್ಕೆ ಕಾಯದೆ ತೊಡೆಗೆ ಅಡ್ರಿನಲಿನ್ ಚುಚ್ಚಿದರು, ಎದೆ ಒತ್ತಿದರು, ಬಾಯಿಗೆ ಬಾಯಿಟ್ಟು ಉಸಿರು ಊದಿದರು, ಇನ್ನೊಂದು ಸೀಸೆ ಒಡೆದರು. ಅವನು ಹಲ್ಲಿಯ ತುಂಡಾದ ಬಾಲದಂತೆ ಒಮ್ಮೆ ಅದುರಿ, ನಿಂತುಹೋದ.

ಕಿಟಕಿಗೆ ಮುತ್ತಿಕೊಂಡಿದ್ದ ಜನ ಕಂಡದ್ದು ಎರಡನೆಯ ಸೂಜಿಯನ್ನು ಮಾತ್ರ.

“ಸೂಜಿ ಆಕುದ್ಲು, ಪ್ರಾಣ ಓಯ್ತು! ನೀವೇ ನೋಡುದ್ರಲ್ಲ!” ಚಿಕ್ಕಪ್ಪನ ದನಿ. ನಮ್ಮ ಹಿಂದೆಯೇ ಬಂದು ಜನರ ನಡುವೆ ಸೇರಿಕೊಂಡಿದ್ದ.

ಬಾಗಿಲು ಮುರಿಯಿತು. ನಮ್ಮ ಜಾತಿಯವರಿದ್ದರು, ಸತ್ತವನ ಜೊತೆ ದುಡಿದು, ನಿಜವಾಗಿಯೂ ಗೋಳಾಡುತ್ತಿದ್ದವರೂ ಇದ್ದರು. ಔಷಧಿಯ ಬೀರು ಉರುಳಿತು. ಪೆನಿಸಿಲಿನ್ ಬಾಟಲಿಗಳು ಒಡೆದು ನೆಲವೆಲ್ಲ ಬಿಳಿ ಪುಡಿಯಾಯಿತು. ಜಡೆ ಹಿಡಿದು ಅವರನ್ನು ಅಂಗಳಕ್ಕೆ ಎಳೆದರು. “ನಾನ್ ಕಾಪ್ಪಾತ್ತ ಪಾತ್ತೇನ್, ಉಳಿಸೋಕೆ ನೋಡಿದೆ ಕಣ್ರಪ್ಪಾ,” ಎಂದು ಅವರು ಎರಡೂ ಭಾಷೆಯಲ್ಲಿ ಬೇಡುತ್ತಿದ್ದರು. “ತಮಿಳಲ್ಲೇನು ಮಂತ್ರ ಏಳ್ತಾವ್ಳೆ, ಬಾಯ್ಗಾಕ್ಲಾ!” ಎಂದ ಒಬ್ಬ. ಅವರ ಬಾಯಿ ಒಡೆಯಿತು. ಹೆಂಗಸರೂ ಹೊಡೆದರು. ಗ್ಲೂಕೋಸ್ ಬಾಟಲಿ ತೂಗುಹಾಕುವ ಕಬ್ಬಿಣದ ಕಂಬವನ್ನು ಯಾರೋ ಎತ್ತಿದರು. “ಯಾವ ಕೈಲಿ ಆಕುದ್ದೆ, ಇದ್ರಲ್ಲಾ?” ಎಂದು ಬಲಗೈಯನ್ನು ಮೆಟ್ಟಿಲ ಮೇಲೆ ಚಾಚಿ ಹಿಡಿದರು. ಕಂಬ ಮೂರು ಸಲ ಬಿತ್ತು. ಮೊದಲ ಏಟಿಗೆ ಕೂಗು ಕೇಳಿಸಿತು. ಮೂರನೆಯದಕ್ಕೆ ಮೂಳೆಯ ಸದ್ದು ಮಾತ್ರ.

ನಾನು ಹೊಂಗೆಮರದ ಕೆಳಗೆ ನಿಂತಿದ್ದೆ, ಇಪ್ಪತ್ತು ಹೆಜ್ಜೆಯ ದೂರದಲ್ಲಿ. ‘ಸೂಜಿ ಹಾಕಿದ್ದು ಚಿಕ್ಕಪ್ಪ, ಕರೆದೊಯ್ದದ್ದು ನಾನು’ ಎಂಬ ಒಂದು ವಾಕ್ಯ ನನ್ನ ಬಳಿ ಇತ್ತು. ಆಡಲಿಲ್ಲ. ಸತ್ತವನ ಹೆಂಡತಿಯೂ ಆಡಲಿಲ್ಲ. ಆದರೆ ನಾಳೆಯ ಕೂಲಿ, ನಿಂತ ಗುಡಿಸಲು ಎರಡೂ ನಮ್ಮ ಮನೆತನದ ನೆಲದಲ್ಲಿದ್ದವಳ ಮೌನವನ್ನು ನನ್ನ ಮೌನದ ಪಕ್ಕದಲ್ಲಿಡುವುದು ಅನ್ಯಾಯ. ವಿಚಾರಣೆಗೆ ಬಂದ ಅಧಿಕಾರಿಗೆ ನಾನು, “ಆಮೇಲೆ ಬಂದೆ, ಏನೂ ನೋಡಲಿಲ್ಲ,” ಎಂದೆ.

ಎರಡು ದಿನದ ನಂತರ ಅವರ ಸಾಮಾನು ಹೇರಲು ಜೀಪು ಬಂತು. ಕೈಗೆ ಮೊಳಕೈವರೆಗೂ ಕಟ್ಟು. ಒಂದು ಕಣ್ಣು ತೆರೆಯಲಾಗುತ್ತಿರಲಿಲ್ಲ. ನನ್ನನ್ನು ಹತ್ತಿರ ಕರೆದರು. ಮೊದಲ ಸೂಜಿ ಯಾರದೆಂದು ಕೇಳಿಯೇಬಿಡುತ್ತಾರೆ ಎಂದುಕೊಂಡೇ ಹೋದೆ.

“ತಂಬಿ, ತಂಗಿ ಪಾಪಾಗೆ ಬರೋ ಗುರುವಾರಕ್ಕೆ ಇಪ್ಪತ್ತೊಂದು ದಿನ. ತಪ್ಪಿಸಬೇಡ,” ಎಂದರು. ಅಷ್ಟೇ.

ಕಡೆಗೆ ತಪ್ಪಿತು. ಹೊಸದಾಗಿ ಬಂದ ನರ್ಸು, ‘ಇಲ್ಲಿ ಪೆನಿಸಿಲಿನ್ ಇಂಜೆಕ್ಷನ್ ಹಾಕುವುದಿಲ್ಲ’ ಎಂದು ಗೋಡೆಗೆ ಬರೆಸಿದರು. ಅವರ ಭಯವನ್ನು ನಾನು ದೂರಲಾರೆ. ಅದನ್ನು ಕಟ್ಟಿಕೊಟ್ಟವರು ನಾವು. ಎರಡು ಸಲ ತಂಗಿಯನ್ನು ಬೆಟ್ಟದ ಕೆಳಗಿನ ಆಸ್ಪತ್ರೆಗೆ ಕರೆದೊಯ್ದೆ. ಮೂರನೆಯ ಸಲ ಅಲ್ಲಿ ಮದ್ದು ಮುಗಿದಿತ್ತು. ನಾಲ್ಕನೆಯ ಸಲಕ್ಕೆ ಮಳೆ, ಐದನೆಯ ಸಲಕ್ಕೆ ನಾನು ಬೇರೆಲ್ಲೋ ಜಾಥಾದಲ್ಲಿದ್ದೆ. ಮತ್ತೆ ಗಂಟಲು ನೋವು ಬಂತು, ಮಂಡಿ ಊದಿತು. ಈ ಸಾರಿ ಹೃದಯ ತಡೆಯಲಿಲ್ಲ. ದಿಂಬಂ ಇಳಿಯುವ ತಿರುವೊಂದರಲ್ಲಿ, ಬಸ್ಸಿನ ಸೀಟಿನಲ್ಲಿ ಮಲಗಲೂ ಆಗದೆ ಕೂರಲೂ ಆಗದೆ, ನೊರೆ ಕೆಮ್ಮುತ್ತ, ನನ್ನ ಮುಂಗೈ ಹಿಡಿದುಕೊಂಡೇ ಹೋದಳು…

ನಾನು ಆಮೇಲೆ ಬದುಕಿದ್ದೆಲ್ಲ ಊರಿನ ತಪ್ಪುಗಳನ್ನು ಹೆಸರಿಸುವ ಕೆಲಸದಲ್ಲಿ. ಪದವಿಯಿಲ್ಲದ ಡಾಕ್ಟರುಗಳ ವಿರುದ್ಧ ಅರ್ಜಿ ಬರೆದೆ. ಅಷ್ಟರಲ್ಲಿ ಚಿಕ್ಕಪ್ಪ ವಯಸ್ಸಾಗಿ, ಮರ್ಯಾದೆಯಿಂದಲೇ ಸತ್ತಿದ್ದ. ಹೆಸರಿಸದೆ ಉಳಿಸಿದ್ದು ಒಂದೇ ತಪ್ಪನ್ನು. ಸಿಸ್ಟರಮ್ಮ ಕೆಲಸ ಬಿಟ್ಟರೆಂದು ಕೇಳಿದ್ದೆ. ಆ ಕೈಯಲ್ಲಿ ಲೋಟ ಹಿಡಿಯಲೂ ಆಗುತ್ತಿರಲಿಲ್ಲವಂತೆ. ಹೋಗಿ ಕಾಣುವ ಧೈರ್ಯ ಬರಲಿಲ್ಲ. ಕ್ಯಾಪ್ಸೂಲಿನ ಅಜ್ಜಿಯನ್ನು ಕಂಡ ಆ ದಿನ ದಿಂಬಂನಿಂದ ಬೆಟ್ಟ ಇಳಿದು, ವಿಚಾರಿಸಿಕೊಂಡು ಅವರ ಊರಿಗೆ ಹೋದೆ. ಬಾಗಿಲು ತೆರೆದ ಅವರ ತಂಗಿ, “ಅಕ್ಕ ತೀರಿಕೊಂಡು ಎಂಟು ತಿಂಗಳಾಯಿತು,” ಎಂದು ತಮಿಳಿನಲ್ಲಿ ಹೇಳಿದರು.

ಮರಳಿ ಬಂದವನು ಎಲ್ಲವನ್ನೂ ಒಂದು ಹೇಳಿಕೆಯಾಗಿ ಬರೆದೆ. ಹಿಂದೆ ವಿಚಾರಣೆ ನಡೆಸಿದ್ದ ಕಚೇರಿಗೆ ಕೊಡುವ ಮೊದಲು ಸತ್ತವನ ಹೆಂಡತಿಯ ಮನೆಗೆ ಒಯ್ದೆ. ಅವಳೀಗ ಸರ್ಕಾರ ಕಟ್ಟಿಸಿದ ತನ್ನದೇ ಮನೆಯಲ್ಲಿದ್ದಾಳೆ, ಕೂದಲು ಬೆಳ್ಳಗಾಗಿದೆ. ಜಗಲಿಯಲ್ಲಿ ಹುಣಸೆ ಕುಟ್ಟುತ್ತಿದ್ದವಳು ನಿಲ್ಲಿಸದೆ ಕೇಳಿಸಿಕೊಂಡಳು. ಮೊದಲ ಸೂಜಿ ಹಾಕಿದವರು ಯಾರು, ಕರೆದೊಯ್ದವರು ಯಾರು, ಸುಳ್ಳು ಹೇಳಿದವರು ಯಾರು, ಎಲ್ಲವನ್ನೂ ಓದಿದೆ.

“ಆಯಮ್ಮನ್ ಕೈ ನೆಟ್ಟಗಾಯ್ತಾ?” ಎಂದು ಕೇಳಿದಳು.

“ಇಲ್ಲ. ಈಗ ಅವರೂ ಇಲ್ಲ.”

ಕುಟ್ಟುವ ಸದ್ದು ನಿಂತಿತು. ಅವಳು ಅಂಗೈಗೆ ಅಂಟಿದ್ದ ಹುಣಸೆಯನ್ನು ಬಿಡಿಸಿಕೊಂಡಳು.

“ಇದ್ರಲ್ಲಿ ನಾನೆಲ್ಲೂ ಇಲ್ವಲ್ಲ,” ಎಂದಳು. “ಸೂಜಿ ಆಗಲ್ಲ ಅಂತ ನಾನು ಏಳ್ದೆ ಅಂತ ಬರಿ. ನೀನು ನಕ್ಕೆ ಅಂತ್ಲೂ ಬರಿ.”

ಬರೆದೆ. ಅವಳು ಹೆಬ್ಬೆಟ್ಟು ಒತ್ತಿದಳು. ಕಚೇರಿಯವರು ಕಾಗದದ ಮೇಲೆ ಮುದ್ರೆ ಹಾಕಿ ತೆಗೆದುಕೊಂಡರು. ಹಳೆಯ ಕಡತ ಸಿಕ್ಕಿದರೆ ಜೊತೆಗೆ ಸೇರಿಸುತ್ತೇವೆ ಎಂದರು. ಅದನ್ನು ಓದಬೇಕಾಗಿದ್ದವರು ಸಿಸ್ಟರಮ್ಮ ಒಬ್ಬರೇ. ಎಂಟು ತಿಂಗಳು ತಡವಾಯಿತು ಎಂದು ಮೊದಲು ಬರೆದುಕೊಂಡಿದ್ದೆ, ಅದನ್ನು ಹೊಡೆದುಹಾಕಿದ್ದೇನೆ. ತಡವನ್ನು ನಾನು ಹೊಂಗೆಮರದ ಕೆಳಗೆ ನಿಂತ ದಿನದಿಂದ ಲೆಕ್ಕ ಹಿಡಿಯಬೇಕು.